ಪಿಡಿಎಫ್ ಫೈಲಿಗೆ ಯಾವ ಡಬ್ಬಿ?

ಮಕ್ಕಳ ಗಣಿತಾಭ್ಯಾಸದ ಹಾಳೆಗಳನ್ನು ನಾನೇ ರಚಿಸಿ, ಪಿಡಿಎಫ್ ರೂಪದಲ್ಲಿ ಸ್ವಂತ ವೆಬ್‌ಸೈಟಿನ ಮೂಲಕ ಮಾರಲು ಹೊರಟಾಗ, ಕಾನೂನೆಂಬುದು ವ್ಯವಹಾರ ಬೆಳೆದ ಮೇಲೆ ವಕೀಲರಿಗೆ ಒಪ್ಪಿಸಬೇಕಾದ ಸಂಗತಿ ಎಂದೇ ನಂಬಿದ್ದೆ. ಮೊದಲ ತಿಂಗಳಲ್ಲೇ ಗ್ರಾಹಕಿಯೊಬ್ಬರಿಂದ ಬಂದ ಇಮೇಲ್ ಆ ನಂಬಿಕೆಯನ್ನು ಅಲುಗಾಡಿಸಿತು. "ಸರಕನ್ನು ಮೂಲ ಪ್ಯಾಕಿಂಗ್ ಸಮೇತ 7 ದಿನಗಳೊಳಗೆ ಹಿಂದಿರುಗಿಸಬೇಕು ಎಂದು ನಿಮ್ಮ ನಿಯಮಗಳಲ್ಲಿದೆ. ಡೌನ್‌ಲೋಡ್ ಮಾಡಿಕೊಂಡ ಫೈಲಿಗೆ ಯಾವ ಡಬ್ಬಿ ಹುಡುಕಲಿ?" ಬಟ್ಟೆ ಮಾರುವ ತಾಣವೊಂದರ ನಿಯಮಗಳ ಪುಟವನ್ನು ಹಾಗೆಯೇ ನಕಲು ಮಾಡಿ, ಅಂಗಡಿಯ ಹೆಸರನ್ನಷ್ಟೇ ಬದಲಿಸಿ ಹಾಕಿಕೊಂಡಿದ್ದೆ. ಅದನ್ನೂ ಎಲ್ಲೆಡೆ ಬದಲಿಸಿರಲಿಲ್ಲ.

ಅವರ ಹಣವನ್ನು ಮರಳಿಸಿ, ನಿಯಮಗಳನ್ನು ಮೊದಲಿನಿಂದ ಬರೆಯಲು ಕುಳಿತೆ. ಆಗ ಹೊಳೆದದ್ದೇನೆಂದರೆ, ನಾನು ಮಾರುತ್ತಿರುವುದು ಫೈಲನ್ನಲ್ಲ, ಅದನ್ನು ಬಳಸುವ ಅನುಮತಿಯನ್ನು. ಹಾಗಾಗಿ ಒಂದು ಮನೆಯವರು ಅಥವಾ ಒಬ್ಬ ಶಿಕ್ಷಕರು ತಮ್ಮ ತರಗತಿಗೆ ಎಷ್ಟು ಪ್ರತಿಗಳನ್ನು ಬೇಕಾದರೂ ಮುದ್ರಿಸಬಹುದು, ಆದರೆ ಮರುಮಾರಾಟ ಮಾಡುವಂತಿಲ್ಲ ಎಂಬುದನ್ನು ಮೊದಲ ಸಾಲಿನಲ್ಲೇ ಬರೆದೆ. ಹಣ ಮರಳಿಸುವ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಯುರೋಪಿಯನ್ ಒಕ್ಕೂಟದ ಗ್ರಾಹಕರಿಗೆ ಆನ್‌ಲೈನ್ ಖರೀದಿಯಿಂದ 14 ದಿನಗಳೊಳಗೆ ಕಾರಣ ಹೇಳದೆಯೇ ಹಿಂದೆ ಸರಿಯುವ ಹಕ್ಕಿದೆ. ಫೈಲನ್ನು ತಕ್ಷಣ ಕೊಡಲು ಅವರು ಸ್ಪಷ್ಟವಾಗಿ ಒಪ್ಪಿ, ಅದರಿಂದ ಆ ಹಕ್ಕು ಹೋಗುತ್ತದೆ ಎಂಬುದು ತಮಗೆ ತಿಳಿದಿದೆ ಎಂದೂ ಹೇಳಿದ್ದರೆ ಮಾತ್ರ ಡೌನ್‌ಲೋಡ್ ಆರಂಭವಾದೊಡನೆ ಅದು ಕೊನೆಗೊಳ್ಳುತ್ತದೆ. ಇದಕ್ಕಾಗಿ ಹಣ ಪಾವತಿಯ ಗುಂಡಿಯ ಮೇಲೆ ಒಂದು ಖಾಲಿ ಚೌಕವನ್ನು ಇರಿಸಿದೆ. ಅದರಲ್ಲಿ ಗುರುತು ಹಾಕಬೇಕಾದವರು ಗ್ರಾಹಕರೇ.

ವ್ಯವಹಾರವನ್ನು ಏಕಮಾಲೀಕತ್ವದಲ್ಲೇ ನೋಂದಾಯಿಸಿದೆ. ಸಾಲ ಅಥವಾ ದಾವೆ ಬಂದರೆ ನನ್ನ ಸ್ವಂತ ಆಸ್ತಿಗೂ ತಟ್ಟುತ್ತದೆ ಎಂಬುದು ಗೊತ್ತಿತ್ತು. ಹಾಳೆ ಮಾರುವವಳಿಗೆ ಆ ಅಪಾಯ ಸಣ್ಣದೆನಿಸಿತು. ಬ್ಯಾಂಕ್ ಖಾತೆಯನ್ನು ಮಾತ್ರ ಮೊದಲ ದಿನವೇ ಬೇರ್ಪಡಿಸಿದೆ.

ನಿಜವಾಗಿ ಬೆವರಿಳಿಸಿದ್ದು ಒಂದು ಅಕ್ಷರಶೈಲಿ. ಅಂಕಿಗಳು ಮಕ್ಕಳ ಕೈಬರಹದಂತೆ ಕಾಣಲೆಂದು ಉಚಿತವಾಗಿ ದೊರೆತ ಫಾಂಟ್ ಒಂದನ್ನು ಬಳಸಿದ್ದೆ. ನಾಲ್ಕು ತಿಂಗಳ ಬಳಿಕ ಬೇರೇನನ್ನೋ ಹುಡುಕುವಾಗ, ಫಾಂಟಿನ ಜೊತೆಯಲ್ಲೇ ಬಂದಿದ್ದ ಪುಟ್ಟ ಟೆಕ್ಸ್ಟ್ ಫೈಲನ್ನು ತೆರೆದೆ. 'ವೈಯಕ್ತಿಕ ಬಳಕೆಗೆ ಮಾತ್ರ' ಎಂಬ ಒಂದೇ ಸಾಲು ಅದರಲ್ಲಿತ್ತು. ಅಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಹಾಳೆಗಳಲ್ಲಿ ಅದೇ ಅಂಕಿಗಳು ಕುಳಿತಿದ್ದವು. ರಚನಕಾರರಿಗೆ ನಡೆದದ್ದನ್ನು ಮುಚ್ಚಿಡದೆ ಬರೆದು, ವಾಣಿಜ್ಯ ಪರವಾನಗಿಯನ್ನು ಕೊಂಡೆ. ಅವರು ಹಿಂದಿನ ಮಾರಾಟದ ಲೆಕ್ಕ ಕೇಳಲಿಲ್ಲ, ಅದು ಅವರ ದೊಡ್ಡತನ. ಪೋಸ್ಟರಿಗೆ ಬಳಸಲು, ಪಿಡಿಎಫ್‌ನೊಳಗೆ ಅಡಕಗೊಳಿಸಲು, ವೆಬ್‌ಸೈಟಿನಲ್ಲಿ ತೋರಿಸಲು ಬೇರೆ ಬೇರೆ ಪರವಾನಗಿಗಳು ಬೇಕಾಗಬಹುದು ಎಂಬುದೂ ಅವರ ಉತ್ತರದಿಂದಲೇ ತಿಳಿಯಿತು. ಅಂದಿನಿಂದ ಪ್ರತಿ ಚಿತ್ರ, ಪ್ರತಿ ಫಾಂಟ್ ಎಲ್ಲಿಂದ ಬಂತು, ಯಾವ ಷರತ್ತಿನ ಮೇಲೆ ಬಂತು, ರಸೀದಿ ಎಲ್ಲಿದೆ ಎಂಬುದನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ಬರೆದಿಡುತ್ತೇನೆ.

ಲಾಂಛನದ ಕಥೆಯೂ ಇದೇ ಜಾತಿಯದು. ಹಣ ಕೊಟ್ಟು ಬರೆಸಿದ ಮೇಲೆ ಅದು ನನ್ನದೇ ತಾನೇ ಎಂದುಕೊಂಡಿದ್ದೆ. ಆದರೆ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿಸ್ವಾಮ್ಯಕ್ಕೆ ನೋಂದಣಿಯ ಹಂಗಿಲ್ಲ, ಕೃತಿ ಹುಟ್ಟಿದಾಗಲೇ ಹಕ್ಕೂ ಹುಟ್ಟುತ್ತದೆ. ಸ್ವತಂತ್ರ ಕಲಾವಿದರು ಲಿಖಿತವಾಗಿ ವರ್ಗಾಯಿಸದಿದ್ದರೆ ಅದು ಬಹುತೇಕ ಕಡೆ ಅವರಲ್ಲೇ ಉಳಿಯುತ್ತದೆ. ಟ್ರೇಡ್‌ಮಾರ್ಕ್ ಅರ್ಜಿಯ ಸಲಹೆಗಾರರು ವರ್ಗಾವಣೆ ಪತ್ರವನ್ನು ಕೇಳಿದಾಗ ನನ್ನ ಬಳಿ ಇದ್ದದ್ದು ಪಾವತಿಯ ರಸೀದಿ ಮಾತ್ರ. ಒಂದು ಪುಟದ ಪತ್ರಕ್ಕೆ ಕಲಾವಿದರ ಸಹಿ ಪಡೆಯಲು ಮೂರು ವಾರ ಹಿಡಿಯಿತು. ಡೊಮೇನ್ ಹೆಸರು ಕೈಯಲ್ಲಿದ್ದ ಮಾತ್ರಕ್ಕೆ ಟ್ರೇಡ್‌ಮಾರ್ಕ್ ಹಕ್ಕು ಬರುವುದಿಲ್ಲ ಎಂಬುದನ್ನೂ ಆ ಸಲಹೆಗಾರರೇ ಹೇಳಿದರು. ಟ್ರೇಡ್‌ಮಾರ್ಕ್ ನೋಂದಣಿಗಾಗಿ ಸರಕು-ಸೇವೆಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿಯಾದ ನೈಸ್ ವರ್ಗೀಕರಣದ 45 ವರ್ಗಗಳ ಪೈಕಿ ಡೌನ್‌ಲೋಡ್ ಮಾಡುವ ಫೈಲುಗಳಿಗಾಗಿ 9ನೆಯದನ್ನು, ಬೋಧನೆಗಾಗಿ 41ನೆಯದನ್ನು ಆರಿಸಿಕೊಂಡು ಅರ್ಜಿ ಹಾಕಿದೆ.

ಖಾಸಗಿತನದ ನೀತಿಯನ್ನು ಬರೆಯಲು ನನ್ನದೇ ಖರೀದಿ ಫಾರಂ ಅನ್ನು ಮುಂದಿಟ್ಟುಕೊಂಡಾಗ ನಾಚಿಕೆಯಾಯಿತು. ಮಗುವಿನ ಹೆಸರು, ಹುಟ್ಟಿದ ದಿನಾಂಕ ಎರಡನ್ನೂ ಕೇಳುತ್ತಿದ್ದೆ. ಎರಡೂ ನನಗೆ ಬೇಕಿರಲಿಲ್ಲ, ತರಗತಿ ತಿಳಿದರೆ ಸಾಕಿತ್ತು. 2018ರ ಮೇ 25ರಿಂದ ಜಾರಿಯಲ್ಲಿರುವ, ಯುರೋಪಿಯನ್ ಒಕ್ಕೂಟದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಾದ ಜಿಡಿಪಿಆರ್, ಒಕ್ಕೂಟದ ಹೊರಗಿದ್ದು ಅಲ್ಲಿನವರಿಗೆ ಮಾರುವವರಿಗೂ ಅನ್ವಯಿಸುತ್ತದೆ, ಮತ್ತು ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿಯನ್ನು ಪಡೆಯಬೇಕೆನ್ನುತ್ತದೆ. ಆ ಎರಡು ಖಾನೆಗಳನ್ನು ತೆಗೆದುಹಾಕಿ, ಹಳೆಯ ದಾಖಲೆಗಳನ್ನೂ ಅಳಿಸಿ ಮಲಗಿದೆ. ಬ್ಯಾಕಪ್ ಪ್ರತಿಗಳಲ್ಲಿ ಅವೇ ದಿನಾಂಕಗಳು ಉಳಿದಿವೆ ಎಂಬುದು ನೆನಪಾದದ್ದು ಮರುದಿನ. ಇನ್ನೊಂದು ಸಂಜೆ ಅದಕ್ಕೆ ಹೋಯಿತು.