ಎಂ17, ಫ್ರೀಡಿವಿ ಎರಡನ್ನೂ ಕಟ್ಟಿ ನೋಡಿದ ಮೇಲೆ

ಹ್ಯಾಮ್ ರೇಡಿಯೋಗೆ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೋಗೆ, ಇನ್ನೊಂದು ಓಪನ್ ಸೋರ್ಸ್ ಡಿಜಿಟಲ್ ವಾಯ್ಸ್ ಮೋಡ್ (ದನಿಯನ್ನು ಬಿಟ್‌ಗಳಾಗಿಸಿ ಕಳಿಸುವ ವಿಧಾನ) ಬೇಕಾ? ನಾಲ್ಕು ಜನ ಹ್ಯಾಮ್‌ಗಳು ಸೇರಿದರೆ ಈ ಮಾತು ಬಂದೇ ಬರುತ್ತದೆ. ವಿಎಚ್‌ಎಫ್, ಯುಎಚ್‌ಎಫ್‌ನಲ್ಲಿ, ಅಂದರೆ ಹತ್ತಿರದ ಮಾತಿನ ಬ್ಯಾಂಡ್‌ಗಳಲ್ಲಿ, ಬೇಡ ಅನ್ನೋದು ನನ್ನ ಅಭಿಪ್ರಾಯ. ಅಲ್ಲಿ ಎಂ17 ಅನ್ನುವ ಮೋಡ್ ಇದೆ, ಸಾಕು. ದೂರದೂರಿಗೆ ಮುಟ್ಟುವ ಎಚ್‌ಎಫ್‌ನಲ್ಲಿ ಮಾತ್ರ ನಿಜಕ್ಕೂ ಬೇಕಿತ್ತು, ಅದೂ ಈಗ ಫ್ರೀಡಿವಿಯಲ್ಲಿ ಬಂದಿದೆ. ಎರಡನ್ನೂ ಮನೆಯಲ್ಲೇ ಕಟ್ಟಿ, ಮಾತಾಡಿ ನೋಡಿ ಹೇಳುತ್ತಿದ್ದೇನೆ.

ಡಿಜಿಟಲ್ ದನಿಗೆ ನಾನೂ ಎಲ್ಲರ ಹಾಗೆ ಡಿಎಂಆರ್ ಅನ್ನುವ ಮೋಡ್ ಮೂಲಕವೇ ಬಂದೆ. ಅಗ್ಗದ ಚೀನಾ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್), ಅದನ್ನು ಇಂಟರ್ನೆಟ್‌ಗೆ ಜೋಡಿಸಲು ರಾಸ್ಪ್‌ಬೆರಿ ಪೈ ಮೇಲೆ ಕೂತ ಪುಟ್ಟ ಹಾಟ್‌ಸ್ಪಾಟ್, ಅಷ್ಟೇ. ಕೆಲಸ ಮಾಡುತ್ತದೆ, ದೂರು ಹೇಳುವ ಹಾಗಿಲ್ಲ. ಆದರೆ ಕೋಡ್‌ಪ್ಲಗ್ (ಸೆಟ್‌ನ ಸೆಟ್ಟಿಂಗ್‌ಗಳ ಫೈಲ್) ತುಂಬುವಾಗ ಇದು ನಮಗಾಗಿ ಮಾಡಿದ್ದಲ್ಲ ಅಂತ ಗೊತ್ತಾಗಿಬಿಡುತ್ತದೆ. ಕಲರ್ ಕೋಡ್, ಟೈಮ್ ಸ್ಲಾಟ್, ಟಾಕ್ ಗ್ರೂಪ್, ಎಲ್ಲವೂ ಕಂಪನಿಗಳ ವಾಕಿಟಾಕಿಗೆ ಹೊಲಿದ ಬಟ್ಟೆ. ಕಾಲ್ ಸೈನ್, ಅಂದರೆ ಪ್ರತಿ ಹ್ಯಾಮ್‌ಗೂ ಲೈಸೆನ್ಸ್ ಜೊತೆ ಸಿಗುವ ಗುರುತು, ಅಲ್ಲಿ ವಿಳಾಸವಾಗುವುದಿಲ್ಲ. ಒಂದು ನಂಬರ್ ಪಡೆದು, ಆ ನಂಬರ್ ಯಾರದ್ದು ಅಂತ ಪಟ್ಟಿ ನೋಡಿ ತಿಳಿಯಬೇಕು.

ಡಿ-ಸ್ಟಾರ್ ಅನ್ನುವ ಮೋಡ್ ಹಾಗಲ್ಲ. ಅದು ಜಪಾನಿನ ಹ್ಯಾಮ್ ಸಂಘವೇ ಮಾಡಿಸಿದ್ದು, ಅದರಲ್ಲಿ ಕಾಲ್ ಸೈನ್ ಇದೆ. ಆದರೆ ಡಿ-ಸ್ಟಾರ್, ಡಿಎಂಆರ್, ಯಾಎಸು (Yaesu) ಕಂಪನಿಯ ಫ್ಯೂಷನ್, ಮೂರರ ಹೊಟ್ಟೆಯಲ್ಲೂ ಇರುವುದು ಒಂದೇ ಮನೆತನದ ಕೋಡೆಕ್ (ದನಿಯನ್ನು ಕೆಲವೇ ಬಿಟ್‌ಗಳಿಗೆ ಕುಗ್ಗಿಸುವ ತಂತ್ರ): ಎಎಂಬಿಇ. ಅಮೆರಿಕದ ಡಿವಿಎಸ್‌ಐ ಕಂಪನಿಯದು. ಚಿಪ್ ಕೊಳ್ಳಬಹುದು, ಒಳಗೆ ಏನು ನಡೆಯುತ್ತದೆ ಅಂತ ನೋಡುವ ಹಾಗಿಲ್ಲ. ಟ್ರಾನ್ಸ್‌ಮಿಟರ್ ಅನ್ನು ತಾನೇ ಬೆಸೆದು ಮಾತಾಡುವ ಹವ್ಯಾಸದಲ್ಲಿ ಇದು ಒಂಥರಾ ಕಿರಿಕಿರಿಯೇ. ಅಮೆರಿಕದ ಹ್ಯಾಮ್ ಬ್ರೂಸ್ ಪೆರೆನ್ಸ್ ಈ ವಿಷಯ ಎತ್ತಿದರು. ಆಸ್ಟ್ರೇಲಿಯಾದ ಡೇವಿಡ್ ರೋ 2010ರ ಸುಮಾರಿಗೆ, ಯಾರು ಬೇಕಾದರೂ ಒಳಗೆ ನೋಡಬಹುದಾದ ಕೋಡೆಕ್2 ಬರೆದು ಹೊರಗೆ ಬಿಟ್ಟರು. ಎಂ17ರಲ್ಲಿ ದನಿಯನ್ನು ಹೊರುವುದು ಇದೇ ಕೋಡೆಕ್2.

ಎಂ17 ಶುರುವಾಗಿದ್ದು 2019ರಲ್ಲಿ, ಪೋಲೆಂಡಿನಲ್ಲಿ. ವಾರ್ಸಾದಲ್ಲಿ ಒಂದು ಹ್ಯಾಮ್ ಕ್ಲಬ್ ಇರುವ ಬೀದಿ ಮೊಕೊಟೋವ್ಸ್ಕಾ, ಕಟ್ಟಡದ ನಂಬರ್ 17. ಹೆಸರು ಬಂದಿದ್ದು ಅಲ್ಲಿಂದ. ಸೆಕೆಂಡಿಗೆ 9600 ಬಿಟ್, ನಾಲ್ಕು ಹಂತದ ಎಫ್‌ಎಸ್‌ಕೆ (ಫ್ರೀಕ್ವೆನ್ಸಿಯನ್ನು ನಾಲ್ಕು ಹಂತಗಳಲ್ಲಿ ಅತ್ತಿತ್ತ ಸರಿಸಿ ಬಿಟ್ ಕಳಿಸುವುದು), ಅದರೊಳಗೆ 3200 ಬಿಟ್ ದನಿ. ನನಗೆ ಹಿಡಿಸಿದ್ದು ಕಾಲ್ ಸೈನ್ ಕಳಿಸುವ ರೀತಿ. ಒಂಬತ್ತು ಅಕ್ಷರದ ಕಾಲ್ ಸೈನ್ 48 ಬಿಟ್‌ನಲ್ಲಿ ಕೂರುತ್ತದೆ. ಮಾತಿನ ಶುರುವಿನಲ್ಲಿ ಒಮ್ಮೆ ಪೂರ್ತಿ ಹೋಗುತ್ತದೆ. ಆಮೇಲೆ ದನಿಯ ಜೊತೆಜೊತೆಗೇ ಚೂರುಚೂರಾಗಿ ಹೋಗುತ್ತಲೇ ಇರುತ್ತದೆ. ಒಂದು ಫ್ರೇಮ್, ಅಂದರೆ ಒಂದು ಕಂತು, 40 ಮಿಲಿಸೆಕೆಂಡ್. ಆರು ಫ್ರೇಮ್ ಸಿಕ್ಕರೆ, ಅಂದರೆ ಕಾಲು ಸೆಕೆಂಡಿನೊಳಗೆ, ಮಧ್ಯದಲ್ಲಿ ಬಂದು ಕೇಳಿದವರಿಗೂ ಯಾರು ಮಾತಾಡುತ್ತಿದ್ದಾರೆ ಅಂತ ಪರದೆಯಲ್ಲಿ ಕಾಣುತ್ತದೆ. ಹ್ಯಾಮ್‌ಗಳೇ ಕೂತು ಮಾಡಿದ್ದು ಅಂತ ಇಲ್ಲಿ ಗೊತ್ತಾಗುತ್ತದೆ ಅಲ್ವಾ?

ಕೆಲವು ಡಿಎಂಆರ್ ಹ್ಯಾಂಡಿಗಳಿಗೆ ಓಪನ್‌ಆರ್‌ಟಿಎಕ್ಸ್ ಫರ್ಮ್‌ವೇರ್ ಹಾಕಿ ಎಂ17 ಮಾತಾಡಿಸಬಹುದು. ಆದರೆ ನನ್ನ ಹತ್ತಿರ ಇದ್ದ ಮಾದರಿಗೆ ಒಳಗಿನ ಬೋರ್ಡ್ ಮೇಲೂ ಬೆಸುಗೆ ಕೆಲಸ ಮಾಡಬೇಕಿತ್ತು. ನಾನು ಬೇರೆ ದಾರಿ ಹಿಡಿದೆ. ಮಾಡ್ಯೂಲ್ 17 ಅಂತ ಒಂದು ಓಪನ್ ಹಾರ್ಡ್‌ವೇರ್ ಬೋರ್ಡ್ ಇದೆ. ಅದನ್ನು ಹಳೇ ಎಫ್‌ಎಂ ಮೊಬೈಲ್ ರಿಗ್‌ನ (ಕಾರಿನಲ್ಲಿ ಕೂರಿಸುವ ರೇಡಿಯೋ ಸೆಟ್) ಹಿಂದಿರುವ ಡೇಟಾ ಪೋರ್ಟ್‌ಗೆ ಜೋಡಿಸಿದರೆ ಆಯಿತು. ಮೈಕ್ ಬೋರ್ಡ್‌ಗೆ, ಬೋರ್ಡ್ ರಿಗ್‌ಗೆ.

ಮೈಕ್ ಸಾಕೆಟ್‌ಗೇ ಯಾಕೆ ಕೊಡಬಾರದು ಅಂತ ತುಂಬಾ ಜನ ಕೇಳುತ್ತಾರೆ. ಎಫ್‌ಎಂ ರಿಗ್ ನಮ್ಮ ಮಾತನ್ನು ಇದ್ದ ಹಾಗೇ ಕಳಿಸುವುದಿಲ್ಲ. ಹೆಚ್ಚಿನ ಫ್ರೀಕ್ವೆನ್ಸಿಗಳನ್ನು ಎತ್ತುತ್ತದೆ, ಅಂಚುಗಳನ್ನು ಕತ್ತರಿಸುತ್ತದೆ. ಕಿವಿಗೆ ಅದು ಒಳ್ಳೆಯದೇ. ನಾಲ್ಕು ಹಂತದ ಸಿಗ್ನಲ್‌ಗೆ ಮಾತ್ರ ಕೊಲೆ. ಹಾಗಾಗಿ 6 ಪಿನ್ನಿನ ಮಿನಿ-ಡಿನ್ ಪೋರ್ಟ್ ಇರುವ ರಿಗ್ ಹುಡುಕಬೇಕು, ಮೆನುವಿನಲ್ಲಿ ಪ್ಯಾಕೆಟ್ ವೇಗ 9600 ಅಂತ ಇಡಬೇಕು. ಕೇಳಿಸಿಕೊಳ್ಳುವ ತಂತಿ ನಾಲ್ಕನೇ ಪಿನ್‌ಗೆ ಹೋಗಬೇಕು. ಪಕ್ಕದ ಐದನೇ ಪಿನ್ 1200 ವೇಗದ್ದು, ಅಲ್ಲಿ ಬರುವ ಆಡಿಯೋ ಆಗಲೇ ಫಿಲ್ಟರ್ ಆಗಿರುತ್ತದೆ.

ಹೊಂದಿಸುವ ಕೆಲಸ ಡಮ್ಮಿ ಲೋಡ್ (ಸಿಗ್ನಲ್ ಹೊರಗೆ ಹೋಗದ ಹಾಗೆ ಆಂಟೆನಾ ಬದಲು ಹಾಕುವ ಹೊರೆ) ಮೇಲೇ ಮಾಡಿದೆ. ಪಕ್ಕದಲ್ಲಿ ಲ್ಯಾಪ್‌ಟಾಪ್, ಅದಕ್ಕೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ರೇಡಿಯೋ ರಿಸೀವರ್), ಲ್ಯಾಪ್‌ಟಾಪಿನಲ್ಲಿ ಎಂ17 ಬಿಡಿಸುವ ತಂತ್ರಾಂಶ. ಪಿಟಿಟಿ (ಮಾತಾಡುವ ಗುಂಡಿ) ಒತ್ತಿದರೆ ವಾಟರ್‌ಫಾಲ್‌ನಲ್ಲಿ (ಪರದೆಯ ಸಿಗ್ನಲ್ ಚಿತ್ರ) ಸಿಗ್ನಲ್ ಗಟ್ಟಿಯಾಗಿ ಕಾಣುತ್ತದೆ, ಆದರೆ ತಂತ್ರಾಂಶ ಅದನ್ನು ಹಿಡಿಯುವುದಿಲ್ಲ. ಸ್ಪೀಕರ್‌ನಲ್ಲಿ ಸದ್ದೇ ಇಲ್ಲ. ಇದಕ್ಕೆ ಹೆಚ್ಚಾಗಿ ಕಾರಣ ಪೋಲಾರಿಟಿ. ಕೆಲವು ರಿಗ್‌ಗಳು ಸಿಗ್ನಲ್ಲನ್ನು ತಲೆಕೆಳಗು ಮಾಡಿ ಕಳಿಸುತ್ತವೆ. ಮಾಮೂಲಿ ಮಾತಿಗೆ ಯಾವ ವ್ಯತ್ಯಾಸವೂ ಆಗಲ್ಲ, ಇಲ್ಲಿ ಮಾತ್ರ ಪ್ಲಸ್ ಮೂರು ಅನ್ನುವ ಹಂತ ಮೈನಸ್ ಮೂರಾಗಿಬಿಡುತ್ತದೆ. ಬೋರ್ಡ್‌ನ ಮೆನುವಿನಲ್ಲಿ ಟಿಎಕ್ಸ್ ಫೇಸ್ ಅನ್ನು ತಿರುಗಿಸಿದ ತಕ್ಷಣ ನನ್ನ ಕಾಲ್ ಸೈನ್ ಲ್ಯಾಪ್‌ಟಾಪ್ ಪರದೆಯಲ್ಲಿ ಮೂಡಿತು. ಆಮೇಲೆ ಉಳಿದಿದ್ದು ಡೀವಿಯೇಷನ್, ಅಂದರೆ ಫ್ರೀಕ್ವೆನ್ಸಿ ಅತ್ತಿತ್ತ ಎಷ್ಟು ಸರಿಯುತ್ತದೆ ಅನ್ನೋದು. ಹೊರಗಿನ ಹಂತ 2.4 ಕಿಲೋಹರ್ಟ್ಸ್, ಒಳಗಿನದು 0.8 ಬರಬೇಕು. ಲೆವೆಲ್ ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ತಂತ್ರಾಂಶ ತೋರಿಸುವ ಎರರ್ ಎಲ್ಲಿ ಕಡಿಮೆಯೋ ಅಲ್ಲಿ ನಿಲ್ಲಿಸಿದೆ. ಡಿಎಂಆರ್ ಹ್ಯಾಂಡಿಯಲ್ಲಿ ಹೀಗೆ ಒಳಗೆ ಕೈ ಹಾಕಲು ಏನೂ ಇರಲಿಲ್ಲ.

ದನಿ ಹೇಗಿದೆ? ಎಫ್‌ಎಂನಷ್ಟು ತುಂಬಿದ ದನಿ ಅಲ್ಲ, ಸ್ವಲ್ಪ ಮೂಗಿನದು. ಆದರೆ ಕನ್ನಡದಲ್ಲಿ ಮಾತಾಡಿದರೆ ಒಂದು ಪದವೂ ತಪ್ಪುವುದಿಲ್ಲ. ಇನ್ನೂ ಚೆನ್ನಾಗಿರುವ ದನಿಗೆ ಹೊಸ ಮೋಡ್ ಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟು: ಬದಲಿಸಬೇಕಾದ್ದು ಕೋಡೆಕ್, ಮೋಡ್ ಅಲ್ಲ. 3200 ಬಿಟ್ ಜಾಗದಲ್ಲಿ ಈಗಿನ ನ್ಯೂರಲ್ ಕೋಡೆಕ್‌ಗಳು ತುಂಬಾ ಚೆನ್ನಾಗಿ ಮಾತಾಡಬಲ್ಲವು. ಮಾಡ್ಯೂಲ್ 17ರಲ್ಲಿರುವಂಥ 168 ಮೆಗಾಹರ್ಟ್ಸ್ ಚಿಪ್‌ಗೆ ಅದನ್ನು ಓಡಿಸುವ ತಾಕತ್ತಿಲ್ಲ, ಅಷ್ಟೇ ತೊಂದರೆ. ಹೊಸ ಮೋಡ್ ಬಂದರೆ ಆ ಚಿಪ್ ಏನೂ ವೇಗವಾಗುವುದಿಲ್ಲ. ಇರುವ ನಾಲ್ಕು ಜನ ಮಾತ್ರ ಇಬ್ಬಿಬ್ಬರಾಗಿ ಹಂಚಿಹೋಗುತ್ತಾರೆ.

ಎಚ್‌ಎಫ್ ಕಥೆ ಬೇರೆ. ಅಲ್ಲಿ ಎಸ್‌ಎಸ್‌ಬಿಗೆ (ಎಚ್‌ಎಫ್‌ನ ಮಾಮೂಲಿ ಅನಲಾಗ್ ಮಾತಿನ ಮೋಡ್) ಎದುರಾಗಿ ನಿಲ್ಲಬೇಕು, ಅದೂ ಬೆಂಗಳೂರಿನ ಅಪಾರ್ಟ್‌ಮೆಂಟ್ ಸದ್ದಿನಲ್ಲಿ. ಸಂಜೆಯಾದರೆ ಎಲ್‌ಇಡಿ ಬಲ್ಬು, ಇನ್ವರ್ಟರ್, ಚಾರ್ಜರ್ ಎಲ್ಲ ಸೇರಿ 40 ಮೀಟರ್ ಬ್ಯಾಂಡನ್ನು ಮುಚ್ಚಿಹಾಕುತ್ತವೆ. ಅಲ್ಲಿಗೆ ಇರುವ ಓಪನ್ ಸೋರ್ಸ್ ತಂತ್ರಾಂಶ ಫ್ರೀಡಿವಿ. ಅದಕ್ಕೆ ಹೊಸ ಯಂತ್ರ ಏನೂ ಬೇಡ. ಎಸ್‌ಎಸ್‌ಬಿ ರಿಗ್, ಲ್ಯಾಪ್‌ಟಾಪ್, ಯುಎಸ್‌ಬಿ ಕೇಬಲ್, ಹೆಡ್‌ಸೆಟ್ ಸಾಕು. ರಿಗ್‌ನ ಸ್ಪೀಚ್ ಕಂಪ್ರೆಸರ್ ಆಫ್ ಮಾಡಬೇಕು. ಎಎಲ್‌ಸಿ (ಹೆಚ್ಚಾದ ಸಿಗ್ನಲ್ಲನ್ನು ರಿಗ್ ತಾನೇ ತಗ್ಗಿಸುವ ವ್ಯವಸ್ಥೆ) ಮುಳ್ಳು ಅಲ್ಲಾಡುವುದಕ್ಕೆ ಮುಂಚೆಯೇ ಡ್ರೈವ್ ಏರಿಸುವುದನ್ನು ನಿಲ್ಲಿಸಬೇಕು. ಹೊಸಬರಿಗೆ ಇದೇ ಕಷ್ಟ, ಯಾಕಂದ್ರೆ ಪವರ್ ಮೀಟರ್ ಕಡಿಮೆ ತೋರಿಸಿದರೆ ಕೈ ಸುಮ್ನೆ ಇರಲ್ಲ.

ಫ್ರೀಡಿವಿಯಲ್ಲಿ ಮೊದಲು 700ಡಿ ಅನ್ನುವ ಮೋಡ್ ಬಳಸಿದೆ. ಸೆಕೆಂಡಿಗೆ ಬರೀ 700 ಬಿಟ್. ಸಿಗ್ನಲ್ ಸದ್ದಿಗಿಂತ ಕೆಳಗಿದ್ದರೂ ಹಿಡಿಯುತ್ತದೆ. ಆದರೆ ದನಿ ರೋಬೋಟಿನದ್ದು. ಎಸ್ ಯಾವುದು, ಎಫ್ ಯಾವುದು ಗೊತ್ತಾಗುವುದಿಲ್ಲ. ಸಿಯೆರಾ, ಫಾಕ್ಸ್‌ಟ್ರಾಟ್ ಅಂತ ಬಿಡಿಸಿ ಹೇಳಲೇಬೇಕು. ಒಂದು ಕಾಂಟ್ಯಾಕ್ಟ್ ಮುಗಿಸಬಹುದು, ಕೂತು ಹರಟೆ ಹೊಡೆಯಲು ಆಗಲ್ಲ. ಬೆಳಗಿನ ನೆಟ್‌ನ (ಹ್ಯಾಮ್‌ಗಳು ರೇಡಿಯೋದಲ್ಲಿ ಸೇರುವ ಕೂಟ) ಹಿರಿಯರೊಬ್ಬರು ಕೇಳಿ, "ಇದಕ್ಕಿಂತ ಮೋರ್ಸ್ ವಾಸಿ ಕಣಯ್ಯ" ಅಂದರು. ಅವರ ಮಾತಿನಲ್ಲಿ ಹುರುಳಿತ್ತು.

2024ರಲ್ಲಿ ಡೇವಿಡ್ ರೋ ಅವರ ತಂಡ ಫ್ರೀಡಿವಿಗೆ ರೇಡ್ ಅನ್ನುವ ಹೊಸ ಮೋಡ್ ತಂದಿತು. ಅದರಲ್ಲಿ ಕೋಡೆಕ್ ಒಂದು ಕಡೆ, ಮೋಡೆಮ್ (ಬಿಟ್‌ಗಳನ್ನು ರೇಡಿಯೋ ಸಿಗ್ನಲ್ ಮಾಡುವ ಭಾಗ) ಇನ್ನೊಂದು ಕಡೆ ಅನ್ನುವ ಭೇದವೇ ಕಮ್ಮಿ. ದನಿಯಿಂದ ರೇಡಿಯೋ ಸಿಗ್ನಲ್‌ವರೆಗೆ ಒಟ್ಟಿಗೇ ಕಲಿತ ನ್ಯೂರಲ್ ನೆಟ್‌ವರ್ಕ್. ಎಸ್‌ಎಸ್‌ಬಿಗಿಂತ ಕಡಿಮೆ ಜಾಗ ಹಿಡಿಯುತ್ತದೆ, ದನಿ ಮಾತ್ರ ಪಕ್ಕದಲ್ಲಿ ಕೂತವರದ್ದು. ಅದೇ ಸಂಜೆ, ಅದೇ ಆಂಟೆನಾ, ಮೈಸೂರಿನ ಗೆಳೆಯ ಎಸ್‌ಎಸ್‌ಬಿಯಲ್ಲಿ ಮೂರು ಸಲ ಹೇಳಿದ್ದನ್ನು ಇದರಲ್ಲಿ ಒಂದೇ ಸಲಕ್ಕೆ ಬರೆದುಕೊಂಡೆ. ಸಿಗ್ನಲ್ ತೀರಾ ಕುಸಿದಾಗ ಪದಗಳು ಪೂರ್ತಿ ಮಾಯವಾಗುತ್ತವೆ. ಅದಕ್ಕೆ ಕಿವಿ ಒಗ್ಗಿಸಿಕೊಳ್ಳಬೇಕು. ಕಂಪ್ಯೂಟರ್ ಮಾತ್ರ ಬೇಕೇ ಬೇಕು.

ಇನ್ನು ಎಂ17 ವಿಷಯದಲ್ಲಿ ಕೊರತೆ ಇರುವುದು ಜನರದ್ದು. ಇಂಟರ್ನೆಟ್ ರಿಫ್ಲೆಕ್ಟರ್ (ದೂರದವರನ್ನು ಸೇರಿಸುವ ಸರ್ವರ್) ಮೇಲೆ ಯುರೋಪಿನವರು ಸಿಗುತ್ತಾರೆ, ಊರಲ್ಲಿ ಸಿಂಪ್ಲೆಕ್ಸ್, ಅಂದರೆ ಸೆಟ್‌ನಿಂದ ಸೆಟ್‌ಗೆ ನೇರವಾಗಿ, ಕರೆದರೆ ಉತ್ತರವಿಲ್ಲ. ಹಾಗಾಗಿ ತುಮಕೂರಿನ ಗೆಳೆಯನಿಗೆ ಇನ್ನೊಂದು ಮಾಡ್ಯೂಲ್ 17 ಬೆಸೆದಿದ್ದೇನೆ. ಆತ ಅದನ್ನು ಹೊತ್ತು ದೇವರಾಯನದುರ್ಗ ಹತ್ತಿದರೆ ಇಂಟರ್ನೆಟ್ ಇಲ್ಲದೆ ಮಾತಾಡಬಹುದು ಅನ್ನುವ ಲೆಕ್ಕ. ಬೋರ್ಡ್ ಸಿದ್ಧವಿದೆ, ರಿಗ್ ಇನ್ನೂ ಸಿಕ್ಕಿಲ್ಲ. ಆರು ಪಿನ್ನಿನ ಡೇಟಾ ಪೋರ್ಟ್ ಇರುವ ಹಳೇ ಮೊಬೈಲ್ ರಿಗ್ ನಿಮ್ಮ ಅಟ್ಟದ ಮೇಲೆ ಇದ್ದರೆ, ಮಾರುವ ಮುಂಚೆ ನನಗೊಂದು ಮಾತು ಹೇಳಿ.