ಚೀಲಕ್ಕೆ ಕೈ ಹಾಕದೆ ಬೆಲೆ ಕೂಗಬೇಡಿ: ಆನ್‌ಲೈನ್ ಹರಾಜಿನಲ್ಲಿ ಹಳೆ ಸಾಮಾನು ಕೊಳ್ಳುವವರಿಗೆ, ಮಾರುವವರಿಗೆ

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಟೆಂಡರ್ ದಿನ ನಿಂತು ನೋಡಿದ್ದೀರಾ? ಖರೀದಿಗೆ ಬಂದವರು ಚೀಲದ ಬಾಯಿ ಬಿಚ್ಚಿಸಿ, ಕೈ ಒಳಗೆ ಇಳಿಸಿ, ಅಡಿಯಿಂದ ಒಂದು ಹಿಡಿ ಅಡಿಕೆ ತೆಗೆಯುತ್ತಾರೆ. ಒಂದನ್ನು ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾರೆ. ಬೆಲೆ ಹಾಕುವುದು ಆಮೇಲೆ. ಟೆಂಡರ್ ಕಂಪ್ಯೂಟರಿಗೆ ಬಂದರೂ ಕೈ ಹಾಕಿ ನೋಡುವುದನ್ನು ಯಾರೂ ಬಿಟ್ಟಿಲ್ಲ. ರಾಶಿ, ಬೆಟ್ಟೆ, ಗೊರಬಲು ಅಂತ ಹೆಸರು ಹೇಳಿದರೆ ಸಾಲದು, ಚೀಲದ ತಳದಲ್ಲಿ ಏನಿದೆ ಅನ್ನುವುದರ ಮೇಲೆ ಬೆಲೆ.

ಆನ್‌ಲೈನ್ ಹರಾಜಿನಲ್ಲಿ ನಮಗೆ ಚೀಲ ಕಾಣುತ್ತದೆ, ಕೈ ಹಾಕಲು ಆಗುವುದಿಲ್ಲ. ತಾಪತ್ರಯವೆಲ್ಲ ಹುಟ್ಟುವುದು ಅಲ್ಲಿಂದಲೇ. ಹಾಗಾಗಿ ದೂರದಿಂದಲೇ ಕೈ ಹಾಕುವ ದಾರಿ ಯಾವುದು ಅಂತ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ತೋಟದ ಸಾಮಾನಿಗೆ, ಮೊಬೈಲಿಗೆ, ಹಳೆ ಬೈಕಿಗೆ ಈ ಹರಾಜುಗಳನ್ನು ನಂಬುವವರು ಜಾಸ್ತಿ ಆಗುತ್ತಿದ್ದಾರೆ, ದುಡ್ಡು ಕಳೆದುಕೊಂಡವರನ್ನೂ ನೋಡುತ್ತಿದ್ದೇನೆ.

ಮೊದಲು ನನ್ನ ಕಥೆ. ಎರಡು ವರ್ಷದ ಹಿಂದೆ ಒಂದು ವಾಟ್ಸಾಪ್ ಗುಂಪಿನ ಹರಾಜಿನಲ್ಲಿ ವೀಡ್ ಕಟ್ಟರ್ ಬಂತು. ತೋಟದಲ್ಲಿ ಹುಲ್ಲು ಮೊಣಕಾಲು ಮುಟ್ಟಿತ್ತು, ಆಳು ಸಿಗುತ್ತಿರಲಿಲ್ಲ. ಫೋಟೊ ಚೆನ್ನಾಗಿತ್ತು. "ಒಂದೇ ಸೀಸನ್ ಬಳಸಿದ್ದು, ಸೂಪರ್ ಕಂಡಿಷನ್" ಅಂತ ಬರೆದಿದ್ದರು. 2,000ಕ್ಕೆ ಶುರು, 200ರಂತೆ ಏರಿಕೆ, ರಾತ್ರಿ 9ಕ್ಕೆ ಮುಕ್ತಾಯ. 4,000ಕ್ಕೆ ನಿಲ್ಲಿಸಬೇಕು ಅಂತ ಅಂದುಕೊಂಡಿದ್ದೆ. ಕೊನೇ ಹತ್ತು ನಿಮಿಷದಲ್ಲಿ ಇನ್ನೊಬ್ಬರು ನಾನು ಹಾಕಿದ ಕೂಡಲೇ 200 ಏರಿಸುತ್ತಾ ಹೋದರು. ನಾನೂ ಬಿಡಲಿಲ್ಲ. 6,400ಕ್ಕೆ ನನ್ನ ಹೆಸರಿಗೆ ನಿಂತಿತು.

ಮೂರು ದಿನಕ್ಕೆ ಬಸ್ಸಿನ ಪಾರ್ಸೆಲ್‌ನಲ್ಲಿ ತೀರ್ಥಹಳ್ಳಿಗೆ ಬಂತು. ಬಾಡಿಗೆ 350. ಮನೆಗೆ ತಂದು ಜಗಲಿ ಮೇಲೆ ಗೋಣಿ ಬಿಚ್ಚಿದೆ. ಹೊರಗೆಲ್ಲ ಒರೆಸಿ ಹೊಳೆಯುವಂತೆ ಮಾಡಿದ್ದರು. ಹಗ್ಗ ಹಿಡಿದು ಎಳೆದರೆ ಒಂದಿಂಚೂ ಬರಲಿಲ್ಲ. ಮೆಕ್ಯಾನಿಕ್ ಹತ್ತಿರ ಹೊತ್ತುಕೊಂಡು ಹೋದೆ. ಅವರು ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಟಾರ್ಚ್ ಬಿಟ್ಟು, "ಇಲ್ಲಿ ನೋಡಿ, ಬೋರ್ ಗೀರಿ ಹೋಗಿದೆ. ಆಯಿಲ್ ಬೆರೆಸದೆ ಬರೀ ಪೆಟ್ರೋಲ್‌ನಲ್ಲಿ ಓಡಿಸಿದ್ದಾರೆ ಮಾರಾಯ್ರೆ, ಸೀಜ್ ಆಗಿದೆ" ಅಂದರು. ಅಂದರೆ ಎಂಜಿನ್ ಒಳಗೆ ಪಿಸ್ಟನ್ ಓಡಾಡುವ ಕೊಳವೆಗೆ ಗೀರು ಬಿದ್ದು, ಪಿಸ್ಟನ್ ಅಲ್ಲೇ ಕಚ್ಚಿಕೊಂಡಿದೆ. ಬೋರ್, ಪಿಸ್ಟನ್ ಹೊಸದು ಹಾಕಲು 4,500 ಆಗುತ್ತದಂತೆ. ಒಟ್ಟು 11,250. ಅದೇ ಥರದ ಹೊಸದಕ್ಕೆ ಪೇಟೆ ಅಂಗಡಿಯಲ್ಲಿ 11,000 ಹೇಳಿದ್ದರು. ಮಾರಿದವರಿಗೆ ಫೋನ್ ಮಾಡಿದರೆ "ಇಲ್ಲಿಂದ ಹೊರಡುವಾಗ ಚೆನ್ನಾಗಿತ್ತು" ಅಂದರು. ಮರುದಿನದಿಂದ ಫೋನೇ ಎತ್ತಲಿಲ್ಲ.

ಕೊಳ್ಳುವ ಮುಂಚೆ ಏನು ಕೇಳಬೇಕು

ಫೋಟೊ ನಂಬಬೇಡಿ, ವಿಡಿಯೋ ಕೇಳಿ. ಅದೂ ನೀವು ಹೇಳಿದಂತೆ ತೆಗೆದ ವಿಡಿಯೋ. ಎಂಜಿನ್ ಇರುವ ಸಾಮಾನಾದರೆ ಬೆಳಗ್ಗೆ ತಣ್ಣಗಿರುವಾಗ ಮೊದಲ ಸಲ ಸ್ಟಾರ್ಟ್ ಮಾಡುವುದನ್ನು ಒಂದೇ ಓಟದಲ್ಲಿ, ನಡುವೆ ಕತ್ತರಿಸದೆ ತೋರಿಸಲಿ. ಬಿಸಿ ಎಂಜಿನ್ ಎಂಥದಾದರೂ ಒಂದೆಳೆತಕ್ಕೆ ಹತ್ತಬಹುದು. ಶುರುವಿನಲ್ಲಿ ಅವತ್ತಿನ ಪೇಪರ್ ಪಕ್ಕದಲ್ಲಿಟ್ಟು ತೋರಿಸಲು ಹೇಳಿ, ಹಳೇ ವಿಡಿಯೋ ಕಳಿಸಿದರೆ ಅಲ್ಲೇ ಗೊತ್ತಾಗುತ್ತದೆ. ಪ್ಲಗ್ ಬಿಚ್ಚಿದ ಫೋಟೊ ಕೇಳಿ. ಇಷ್ಟಕ್ಕೆ ಬೇಜಾರು ಮಾಡಿಕೊಳ್ಳುವವರ ಸಾಮಾನು ಬಿಟ್ಟುಬಿಡಿ. ಅಡಿಕೆ ಚೀಲ ಬಿಚ್ಚಬೇಡಿ ಅನ್ನುವವರ ಹತ್ತಿರ ಯಾರಾದರೂ ಅಡಿಕೆ ತಗೋತಾರಾ?

ಮೊಬೈಲಾದರೆ *#06# ಒತ್ತಿದಾಗ ಬರುವ 15 ಅಂಕಿಯ ಐಎಂಇಐ ನಂಬರ್ ತರಿಸಿಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲೂ ನೋಡಬಹುದು. ಕದ್ದ ಫೋನ್ ಅಂತ ಬ್ಲಾಕ್ ಆಗಿದ್ದರೆ ಅಲ್ಲಿ ತಿಳಿಯುತ್ತದೆ. ಎರಡು ನಿಮಿಷದ ಕೆಲಸ, ಬಿಡಬೇಡಿ.

ಇನ್ವರ್ಟರ್ ಬ್ಯಾಟರಿಯನ್ನು ಮಾತ್ರ ದೂರದ ಹರಾಜಿನಲ್ಲಿ ಕೊಳ್ಳಲೇಬೇಡಿ ಅನ್ನುತ್ತೇನೆ. ಲೋಡ್ ಕೊಟ್ಟು ನೋಡದೆ ಅದರ ಒಳಗಿನ ಸ್ಥಿತಿ ತಿಳಿಯುವುದಿಲ್ಲ, ಸಾಗಿಸುವಾಗ ಆಸಿಡ್ ಚೆಲ್ಲುತ್ತದೆ, ಆಮೇಲೆ ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದಾಗ ಅದು ಅರ್ಧ ಗಂಟೆಗೆ ಕೈ ಕೊಡುತ್ತದೆ. ಊರಿನ ಅಂಗಡಿಯಲ್ಲೇ ಹಳೆಯದು ಕೊಟ್ಟು ಹೊಸದು ತರುವುದು ಲೇಸು.

ಬೈಕು, ಪಿಕಪ್ ಆದರೆ ಆರ್‌ಸಿ ಯಾರ ಹೆಸರಲ್ಲಿದೆ, ಸಾಲ ಇದೆಯಾ, ಇನ್ಶೂರೆನ್ಸ್ ಯಾವತ್ತಿನವರೆಗೆ, ದಂಡ ಬಾಕಿ ಇದೆಯಾ ಅಂತ ಸರ್ಕಾರದ ವಾಹನ ದಾಖಲೆಯ ಜಾಲತಾಣ ಪರಿವಾಹನ್‌ನಲ್ಲಿ ನೋಡಿ. ಹೆಸರು ಬದಲಾವಣೆಗೆ ಫಾರಂ 29, 30 ಬೇಕು. ಆರ್‌ಸಿಯಲ್ಲಿ ಸಾಲ ನಮೂದಾಗಿದ್ದರೆ ಅದನ್ನು ತೆಗೆಸಲು ಫಾರಂ 35. ಈ ಮೂರಕ್ಕೆ ಸಹಿ ಆಗದೆ ಪೂರ್ತಿ ದುಡ್ಡು ಕೊಡಬೇಡಿ. ಮಾರುವವರಿಗೂ ಒಂದು ಮಾತು. ರಾಜ್ಯದ ಒಳಗೆ ಮಾರಿದ್ದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. "ಅವರೇ ಮಾಡಿಸಿಕೊಳ್ತಾರೆ" ಅಂತ ಸುಮ್ನೆ ಕೂತರೆ, ನಾಳೆ ಆ ಗಾಡಿ ಎಲ್ಲೋ ಅಪಘಾತ ಮಾಡಿದಾಗ ಪೊಲೀಸರು ಬರುವುದು ನಿಮ್ಮ ಮನೆಗೆ.

ಬೆಲೆ ಕೂಗುವ ಬಗ್ಗೆ

ಹರಾಜು ಶುರುವಾಗುವ ಮುಂಚೆ ಒಂದು ಚೀಟಿಯಲ್ಲಿ ಮನೆ ಬಾಗಿಲ ಬೆಲೆ ಬರೆದುಕೊಳ್ಳಿ. ಅಂದರೆ ಪಾರ್ಸೆಲ್ ಬಾಡಿಗೆ, ಪೇಟೆಗೆ ಹೋಗಿ ತರುವ ಆಟೋ, ಮೊದಲ ರಿಪೇರಿ ಎಲ್ಲ ಸೇರಿ ಎಷ್ಟರವರೆಗೆ ಹೋಗಬಹುದು ಅಂತ. ಬೆಂಗಳೂರಿನವರಿಗೆ ಅಗ್ಗ ಆಗುವ ಸಾಮಾನು ಹೊಸನಗರದ ಒಳಗಿನ ಹಳ್ಳಿಗೆ ಬರುವಷ್ಟರಲ್ಲಿ ದುಬಾರಿ ಆಗಿರುತ್ತದೆ. ಸಾಗಣೆ ಕಳೆದು ಉಳಿದದ್ದು ನಿಮ್ಮ ಕೂಗು. ಆ ಚೀಟಿಯನ್ನು ಮನೆಯಲ್ಲಿ ಇನ್ನೊಬ್ಬರ ಕೈಗೆ ಕೊಡಿ. ಅವರು "ಸಾಕು" ಅಂದ ಕೂಡಲೇ ಫೋನ್ ಕೆಳಗಿಡಿ.

ಗಣಪತಿ ಪೆಂಡಾಲಿನಲ್ಲಿ ಪ್ರಸಾದದ ಹರಾಜು ನಡೆಯುತ್ತದಲ್ವಾ, ಒಂದು ತೆಂಗಿನಕಾಯಿ ಸಾವಿರಗಟ್ಟಲೆ ಏರುತ್ತದೆ. ಅಲ್ಲಿ ಹಠಕ್ಕೆ ಕೂಗಿದರೂ ದುಡ್ಡು ಊರಿನ ಕೆಲಸಕ್ಕೇ ಆಗುತ್ತದೆ. ಇಲ್ಲಿ ಹಾಗಲ್ಲ. ಅದೂ ಅಲ್ಲದೆ ಎದುರಿಗೆ ಕೂಗುತ್ತಿರುವವರು ನಿಜವಾಗಿ ಕೊಳ್ಳುವವರು ಹೌದೋ ಅಲ್ಲವೋ ಗೊತ್ತಿರುವುದಿಲ್ಲ. ಮಾರುವವರೇ ತಮ್ಮ ಕಡೆಯವರಿಂದ ಏರಿಸುವುದು ಹಳೇ ಚಾಳಿ. ಒಂದೇ ಹೆಸರು ಅದೇ ಮಾರಾಟಗಾರರ ಎಲ್ಲ ಹರಾಜಿನಲ್ಲೂ ಕೂಗುತ್ತದೆ, ಆದರೆ ಒಂದನ್ನೂ ಗೆಲ್ಲುವುದಿಲ್ಲ ಅಂದರೆ ಅಲ್ಲಿಂದ ಎದ್ದುಬನ್ನಿ. ನನ್ನ ವೀಡ್ ಕಟ್ಟರ್ ಹರಾಜಿನ ಹಳೇ ಮೆಸೇಜ್‌ಗಳನ್ನು ಆಮೇಲೆ ತೆಗೆದು ನೋಡಿದೆ. ಹಾಗೆಯೇ ಇತ್ತು.

ಕೊನೇ ಕ್ಷಣಕ್ಕೆ ಕಾದು ಕೂಗಿದರೆ ಅಗ್ಗಕ್ಕೆ ಸಿಗುತ್ತದೆ ಅಂತ ಹೇಳುವವರಿದ್ದಾರೆ. ಮಲೆನಾಡಿನಲ್ಲಿ ಅದನ್ನು ನೆಚ್ಚಬೇಡಿ. ಆಗುಂಬೆ ಕಡೆ ಜಡಿಮಳೆ ಹಿಡಿದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆ ಟವರ್ ಹೋಗುತ್ತದೆ, 9 ಗಂಟೆಗೆ ಒಂದು ನಿಮಿಷ ಇರುವಾಗ ಫೋನಿನಲ್ಲಿ ಚಕ್ರ ತಿರುಗುತ್ತಾ ಇರುತ್ತದೆ. ಕೆಲವು ಜಾಲತಾಣಗಳಲ್ಲಿ ನಿಮ್ಮ ಗರಿಷ್ಠ ಬೆಲೆ ಮೊದಲೇ ಹಾಕಿಟ್ಟರೆ ಬೇಕಾದಷ್ಟೇ ಏರಿಸುತ್ತಾ ಅದೇ ಕೂಗುತ್ತದೆ. ಆ ಸೌಲಭ್ಯ ಇದ್ದರೆ ಅದನ್ನೇ ಬಳಸಿ. ಇನ್ನು ಕೆಲವು ಹರಾಜುಗಳಲ್ಲಿ ಕೊನೇ ನಿಮಿಷಗಳಲ್ಲಿ ಯಾರಾದರೂ ಕೂಗಿದರೆ ಸಮಯ ತಾನಾಗಿ ಮುಂದಕ್ಕೆ ಹೋಗುತ್ತದೆ. ಅಲ್ಲಿ ಕಾದು ಕೂತರೂ ಲಾಭವಿಲ್ಲ.

ಬ್ಯಾಂಕು, ಫೈನಾನ್ಸ್‌ನವರು ಸಾಲ ಕಟ್ಟದವರಿಂದ ಎಳೆದುಕೊಂಡ ಗಾಡಿಗಳ ಹರಾಜು ಬೇರೆ ಥರ. ಮೊದಲೇ ಇಎಂಡಿ ಅಂತ ಠೇವಣಿ ಕಟ್ಟಬೇಕು. ಗೆದ್ದು ಬಾಕಿ ಕಟ್ಟದಿದ್ದರೆ ಅದು ಹೋಯಿತು. "ಇದ್ದಲ್ಲಿ ಇದ್ದಂತೆ" ಅನ್ನುವ ಷರತ್ತು ಇರುತ್ತದೆ, ಆಮೇಲೆ ದೂರಿದರೆ ಕೇಳುವವರಿಲ್ಲ. ಆದರೆ ಇಲ್ಲಿ ನಮಗೊಂದು ಅನುಕೂಲವೂ ಇದೆ, ನೋಡಲು ಒಂದು ದಿನ ಕೊಟ್ಟಿರುತ್ತಾರೆ. ಒಂದು ದಿನದ ಕೂಲಿ ಹೋದರೂ ಪರವಾಗಿಲ್ಲ, ಮೆಕ್ಯಾನಿಕ್‌ನ ಕರೆದುಕೊಂಡು ಯಾರ್ಡಿಗೆ ಹೋಗಿಬನ್ನಿ. ಚೀಲಕ್ಕೆ ನಿಜವಾಗಿ ಕೈ ಹಾಕಲು ಸಿಗುವ ಅವಕಾಶ ಅದೊಂದೇ. ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿಕೊಡುವವರು ಯಾರು, ಎಷ್ಟು ದಿನದಲ್ಲಿ ಅನ್ನುವುದನ್ನು ಬರವಣಿಗೆಯಲ್ಲಿ ಕೇಳಿ.

ದುಡ್ಡು ಕೊಡುವಾಗ, ತೆಗೆದುಕೊಳ್ಳುವಾಗ

ದುಡ್ಡು ಬರಬೇಕಾದರೆ ಯುಪಿಐ ಪಿನ್ ಹಾಕಬೇಕಾಗಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ. ಪಿನ್ ಹಾಕಿದರೆ ನಿಮ್ಮ ಖಾತೆಯಿಂದ ದುಡ್ಡು ಹೋಗುತ್ತದೆ, ಅಷ್ಟೇ. ಇದನ್ನು ಮನೆಯ ಹಿರಿಯರಿಗೂ ಹೇಳಿಕೊಡಿ. ಸೇನೆಯಲ್ಲಿದ್ದೇನೆ, ವರ್ಗ ಆಗಿದೆ, ಸಾಮಾನು ನೋಡುವುದು ಬೇಡ, ಈಗಲೇ ಹಣ ಹಾಕುತ್ತೇನೆ ಅಂತ ಚೌಕಾಸಿಯನ್ನೇ ಮಾಡದೆ ಒಪ್ಪಿಕೊಳ್ಳುವವರು ಬಂದರೆ ಫೋನ್ ಇಟ್ಟುಬಿಡಿ. ಹಳೆ ಸಾಮಾನಿಗೆ ಚೌಕಾಸಿ ಮಾಡದವರು ಉಂಟೇ? ಮೋಸ ಆಗಿಯೇ ಹೋಯಿತು ಅಂದರೆ ನಾಚಿಕೆ ಪಡದೆ ಆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ. ಮನೆಯವರು ಬೈತಾರೆ ಅಂತ ಎರಡು ದಿನ ಮುಚ್ಚಿಟ್ಟರೆ ಹಣ ಹತ್ತು ಖಾತೆ ದಾಟಿರುತ್ತದೆ.

ಮಾರುವವರಿಗೆ

ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ 1995ರಲ್ಲಿ ಶುರು ಮಾಡಿದ ಹರಾಜಿನ ಜಾಲತಾಣವೇ ಮುಂದೆ ಇಬೇ ಆಯಿತು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಇದು ಕೆಟ್ಟಿದೆ ಅಂತ ಗೊತ್ತು ತಾನೇ ಅಂತ ಕೇಳಿದರೆ, ಕೊಂಡವರು ತಾನು ಕೆಟ್ಟವನ್ನೇ ಕೂಡಿಡುವವನು ಅಂದರಂತೆ. ಕೆಟ್ಟದ್ದಕ್ಕೂ ಗಿರಾಕಿ ಇದ್ದಾರೆ. ಮುಚ್ಚಿಟ್ಟು ಮಾರುವ ದರ್ದು ಯಾಕೆ?

ನಮ್ಮ ಕಡೆಯ ಕ್ಯಾಮೆರಾ ಲೆನ್ಸ್ ಉದಾಹರಣೆ ತೆಗೆದುಕೊಳ್ಳಿ. ನಾಲ್ಕು ತಿಂಗಳ ಥಂಡಿಗೆ ಗಾಜಿನ ಒಳಗೇ ಬೂಸ್ಟು ಹಿಡಿಯುತ್ತದೆ. ಮೇಲಿಂದ ನೋಡಿದರೆ ಏನೂ ಕಾಣದು. ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟರೆ ಜೇಡರ ಬಲೆಯ ಎಳೆಗಳ ಹಾಗೆ ಕಾಣುತ್ತದೆ. ಆ ಟಾರ್ಚಿನ ಫೋಟೊವನ್ನು ನೀವೇ ಮೊದಲು ಹಾಕಿ. ತುಕ್ಕು ಹಿಡಿದ ಜಾಗ, ಬಿರುಕು, ಅಂಟಿಸಿದ ಹ್ಯಾಂಡಲ್ ಎಲ್ಲದಕ್ಕೂ ಒಂದೊಂದು ಫೋಟೊ. ಮಳೆಗಾಲದ ಕಪ್ಪು ಬೆಳಕಿನಲ್ಲಿ ಬೇಡ, ಬಿಸಿಲು ಬಿದ್ದ ದಿನ ಅಂಗಳದಲ್ಲಿಟ್ಟು ತೆಗೆಯಿರಿ.

ಗೆದ್ದವರು ದುಡ್ಡು ಹಾಕದೆ ಮಾಯ ಆಗುವುದು ಮಾರುವವರ ದೊಡ್ಡ ಗೋಳು. ಶುರುವಿನಲ್ಲೇ ಬರೆದುಬಿಡಿ: 24 ಗಂಟೆಯಲ್ಲಿ ಹಣ ಬರದಿದ್ದರೆ ಎರಡನೇ ಕೂಗಿನವರಿಗೆ. ಹೇಳಿದಂತೆ ಮಾಡಿ, "ನಾಳೆ ಹಾಕ್ತೀನಿ ಸಾರ್" ಅನ್ನುವುದನ್ನು ಕೇಳುತ್ತಾ ಕೂರಬೇಡಿ. ಕಳಿಸುವ ಮುಂಚೆ ಸಾಮಾನು ಓಡುತ್ತಿರುವುದನ್ನು, ಆಮೇಲೆ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ ಗೋಣಿ ಹೊಲಿಯುವುದನ್ನು ಒಂದೇ ವಿಡಿಯೋದಲ್ಲಿ ತೆಗೆದಿಡಿ. ಕೊಂಡವರೂ ಬಿಚ್ಚುವಾಗ ವಿಡಿಯೋ ಮಾಡಲಿ. ಆಗ ದಾರಿಯಲ್ಲಿ ಒಡೆದದ್ದೋ, ಮೊದಲೇ ಒಡೆದದ್ದೋ ಅನ್ನುವ ಜಗಳ ಇರುವುದಿಲ್ಲ.

ಕೆಲವನ್ನು ಹರಾಜಿಗೆ ಇಡಲೇಬಾರದು. ಹಳೇ ಮನೆಗಳ ಗೋಡೆಯ ಮೇಲೆ ಇನ್ನೂ ಜಿಂಕೆ ಕೊಂಬು ನೇತಾಡುತ್ತಿರುತ್ತದೆ, ಪೆಟ್ಟಿಗೆಯಲ್ಲಿ ಹುಲಿ ಉಗುರು ಇರುತ್ತದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅವನ್ನು ಮಾರುವುದು ಅಪರಾಧ, ಅಜ್ಜನ ಕಾಲದ್ದು ಅಂದರೂ ಬಿಡುವುದಿಲ್ಲ. ನೂರು ವರ್ಷ ದಾಟಿದ ವಿಗ್ರಹ, ಕೆತ್ತನೆಗೂ ಬೇರೆ ಕಾಯ್ದೆ ಇದೆ, ಅಂಥದ್ದನ್ನು ಹೊರದೇಶಕ್ಕೆ ಕಳಿಸುವ ಮಾತೇ ಇಲ್ಲ. ಹಳೇ 5 ರೂಪಾಯಿ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಅನ್ನುವುದು ಶುದ್ಧ ಮೋಸ. 2021ರಲ್ಲಿ ರಿಸರ್ವ್ ಬ್ಯಾಂಕೇ ತನ್ನ ಹೆಸರು ಹೇಳಿಕೊಂಡು ಇಂಥ ವ್ಯವಹಾರ ಮಾಡುವವರ ಬಗ್ಗೆ ಎಚ್ಚರಿಸಿತ್ತು.

ನನ್ನ ವೀಡ್ ಕಟ್ಟರ್ ಒಂದು ವರ್ಷ ಕೊಟ್ಟಿಗೆಯ ಮೂಲೆಯಲ್ಲಿತ್ತು. ಆಮೇಲೆ ನಾನೇ ಹರಾಜಿಗೆ ಹಾಕಿದೆ. "ಸೀಜ್ ಆಗಿದೆ, ಹಗ್ಗ ಎಳೆಯಲು ಬರುವುದಿಲ್ಲ, ಬಿಡಿಭಾಗಕ್ಕೆ ಮಾತ್ರ" ಅಂತ ಮೊದಲ ಸಾಲಿನಲ್ಲೇ ಬರೆದೆ, ಗೀರು ಬಿದ್ದ ಬೋರಿನ ಫೋಟೊ ಹಾಕಿದೆ. ಸಾಗರದ ಕಡೆಯ ಒಬ್ಬ ಮೆಕ್ಯಾನಿಕ್ 1,900ಕ್ಕೆ ಕೂಗಿ ಗೆದ್ದರು. ಪಾರ್ಸೆಲ್ ಬೇಡ, ನಾನೇ ಬರುತ್ತೇನೆ ಅಂದರು. ಭಾನುವಾರ ಬೈಕಿನಲ್ಲಿ ಬಂದರು, ಜಗಲಿ ಮೇಲೆ ಕೂತು ಕಾರ್ಬುರೇಟರ್ ಬಿಚ್ಚಿ ನೋಡಿದರು, ಗೇರಿನ ತಲೆಯನ್ನು ಕೈಯಲ್ಲಿ ತಿರುಗಿಸಿದರು. "ಇವೆರಡೂ ಚೆನ್ನಾಗಿವೆ, ನನಗೆ ಬೇಕಾದದ್ದು ಇವೇ" ಅಂತ ದುಡ್ಡು ಎಣಿಸಿ ಕೊಟ್ಟು, ಕಾಫಿ ಕುಡಿದು, ಮಿಷನ್ ಹಿಂದೆ ಕಟ್ಟಿಕೊಂಡು ಹೋದರು.