ಮೂತಿ ಎತ್ತಿದ ಟ್ರೇಲರ್ ಮಟ್ಟಕ್ಕೆ ಬಂದ ಬಗೆ: ನನ್ನ ಅನುಭವ

ನನ್ನದು ಫಿಫ್ತ್ ವೀಲ್, ಅಂದರೆ ಪಿಕಪ್ಪಿನ ಬೆಡ್ಡಿನೊಳಗಿನ ಕೊಂಡಿಗೆ ಮೂತಿ ಕೂರಿಸಿ ಎಳೆಯುವ ಮನೆಯಂಥ ಟ್ರೇಲರ್. ಜೋಡಿಸಿದರೆ ಅದು ಮೂತಿ ಎತ್ತಿಕೊಂಡು ನಿಲ್ಲುತ್ತಿತ್ತು. "ಏರ್‌ಬ್ಯಾಗ್ ಹಾಕ್ಸು, ಗಾಳಿ ತುಂಬು, ಮುಗೀತು" ಅಂದವರೇ ಹೆಚ್ಚು. ಪಿಕಪ್ಪಿನ ಹಿಂದಿನ ಸ್ಪ್ರಿಂಗಿಗೆ ಒತ್ತಾಸೆಯಾಗುವ ಗಾಳಿಚೀಲ ಅದು. ಕೊನೆಗೆ ನಾನು ಇನ್ನು ಪಿಕಪ್ ತಂಟೆಗೆ ಹೋಗಲ್ಲ, ಟ್ರೇಲರನ್ನೇ ಮೇಲೆತ್ತುತ್ತೀನಿ ಅಂದಾಗ ಅವರೆಲ್ಲ ನಕ್ಕರು. "ಇರೋ ಎತ್ತರವೇ ಸಾಲ್ದಾ? ಟೆಕ್ಸಾಸ್ ಗಾಳಿಗೆ ಮಗುಚ್ಕೊಳ್ಳತ್ತೆ ಕಣೋ" ಎಂದರು. ಈಗ ಅದೇ ಗಾಳಿಯಲ್ಲಿ ಪಶ್ಚಿಮ ಟೆಕ್ಸಾಸ್ ದಾಟಿ, ನ್ಯೂ ಮೆಕ್ಸಿಕೋದಲ್ಲಿ ಘಾಟಿ ಹತ್ತಿ ಇಳಿದು ಬಂದಾಯಿತು. ನಕ್ಕವರೇ ಈಗ ವೆಲ್ಡರ್ ನಂಬರ್ ಕೇಳುತ್ತಿದ್ದಾರೆ.

ನನ್ನ ಪಿಕಪ್ ಒಂದು ಟನ್ ವರ್ಗದ ಫೋರ್ ಬೈ ಫೋರ್ ಡೀಸೆಲ್, ಹಿಂದೆ ಬದಿಗೆ ಒಂದೊಂದೇ ಚಕ್ರದ್ದು. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಪೇಲೋಡ್ (ಗಾಡಿ ಹೊರಬಹುದಾದ ಭಾರ) 3,800 ಪೌಂಡಿನ ಆಸುಪಾಸು. ಫಿಫ್ತ್ ವೀಲ್ ಹಳೆಯದು, ಮೂವತ್ತು ಅಡಿ, 5,200 ಪೌಂಡಿನ ಎರಡು ಆಕ್ಸಲ್, ಅಡುಗೆಮನೆ ಹಿಂಬದಿಯಲ್ಲಿ. ಸಾಮಾನು ತುಂಬಿದರೆ 11,800 ಪೌಂಡ್ ಹತ್ತಿರ. ಅದು ತಯಾರಾದ ಕಾಲದ ಪಿಕಪ್‌ಗಳು ಇಷ್ಟು ಎತ್ತರ ಇರಲಿಲ್ಲ. ನನ್ನದರ ಬೆಡ್ ರೇಲ್, ಅಂದರೆ ಹಿಂದಿನ ತೊಟ್ಟಿಯ ಮೇಲಂಚು, ನೆಲದಿಂದ 57-58 ಇಂಚು ಬರುತ್ತದೆ. ಜೋಡಿಸಿ ಫ್ರೇಮಿನ ಎರಡೂ ತುದಿ ಅಳೆದರೆ ಮುಂದಿನದು ಆರೇಳು ಇಂಚು ಮೇಲೆ.

ಮೊದಲು ಎಲ್ಲರ ಮಾತು ಕೇಳಿ ಏರ್‌ಬ್ಯಾಗೇ ಹಾಕಿಸಿದೆ. 650 ಡಾಲರ್ ಹೋಯಿತು. ಪಿನ್ ಭಾರಕ್ಕೆ (ಟ್ರೇಲರಿನ ಮೂತಿ ಪಿಕಪ್ ಮೇಲೆ ಹೇರುವ ಭಾರ) ಪಿಕಪ್ಪಿನ ಹಿಂಭಾಗ ಎರಡೂವರೆ ಇಂಚು ಕುಸಿಯುತ್ತಿತ್ತು. 60 ಪಿಎಸ್‌ಐ ತುಂಬಿದ ಮೇಲೆ ಪಿಕಪ್ ನೆಟ್ಟಗೆ ನಿಂತಿತು, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಕುಕ್ಕುವುದು ನಿಂತಿತು. ಆದರೆ ಪಿಕಪ್ ಏರಿದಷ್ಟೂ ಟ್ರೇಲರಿನ ಮೂತಿ ಏರಿತು! ಕುಸಿತವೇ ನನಗೆ ಅಷ್ಟಿಷ್ಟು ಸಹಾಯ ಮಾಡುತ್ತಿತ್ತು, ಅದನ್ನೂ ಕಳೆದುಕೊಂಡಂತಾಯಿತು. ಬ್ಯಾಗ್ ಹಾಕಿದರೆ ಪೇಲೋಡ್ ಹೆಚ್ಚುತ್ತದೆ ಎನ್ನುವವರ ಜೊತೆ ನಾನೀಗ ವಾದಕ್ಕೇ ಇಳಿಯುವುದಿಲ್ಲ. ಚೀಟಿಯ ಮೇಲಿನ ಅಂಕಿ ಗಾಳಿಗೆ ಬದಲಾಗುವುದಿಲ್ಲ.

ಆಮೇಲೆ ಟ್ರೇಲರ್ ಅಂಗಡಿಯವನೊಬ್ಬ ಪಿಕಪ್ಪಿನ ಬೆಡ್ಡಿನಲ್ಲಿರುವ ಹಿಚ್ಚಿನ (ಕೊಂಡಿಯ) ತಲೆಯನ್ನು ಕೆಳಗಿನ ತೂತಿಗೆ ಇಳಿಸಿ, ಟ್ರೇಲರ್ ಮೂತಿಯ ಪಿನ್ ಹಿಡಿದಿರುವ ಪಿನ್ ಬಾಕ್ಸನ್ನು ಮೇಲೇರಿಸಿ ಕೊಟ್ಟ. ಕೂಲಿ ನೂರೈವತ್ತೋ ಏನೋ. ಮೂತಿ ಇಳಿಯಿತು, ಆದರೆ ಬೆಡ್ ರೇಲಿಗೂ ಟ್ರೇಲರ್ ಹೊಟ್ಟೆಗೂ ನಡುವೆ ಉಳಿದ ಜಾಗ ಮೂರೂವರೆ ಇಂಚು. ಪೆಟ್ರೋಲ್ ಬಂಕಿನಿಂದ ರಸ್ತೆಗೆ ಓರೆಯಾಗಿ ಇಳಿಯುವಾಗ ಕರ್ರೆಂದು ಸದ್ದು. ಎಡಗಡೆ ರೇಲ್ ಒಳಕ್ಕೆ ಬಾಗಿತು. ಬಾಡಿ ಶಾಪಿನ ಬಿಲ್ 1,100 ಡಾಲರ್. ಐದೂವರೆ ಆರು ಇಂಚಾದರೂ ಸಂದು ಬಿಡಿ ಅನ್ನುವ ಹಳಬರ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಗೆಳೆಯನೊಬ್ಬ ಹಿಂಭಾಗ ತಗ್ಗಲೆಂದು ಪಿಕಪ್ಪಿನ ಹಿಂದಿನ ಸ್ಪ್ರಿಂಗ್ ಬ್ಲಾಕನ್ನೇ ತೆಗೆಸಿದ್ದ. ಅವನ ಗಾಡಿ ಭಾರ ಹೊತ್ತಾಗ ನಕ್ಷತ್ರ ನೋಡಿಕೊಂಡು ಓಡುತ್ತದೆ. ಆ ದಾರಿಗೆ ನಾನು ಹೋಗಲೇ ಇಲ್ಲ.

ದಾರಿ ತೋರಿಸಿದ್ದು ತೂಕ. ಟ್ರಕ್ ಸ್ಟಾಪಿನಲ್ಲಿ ಗಾಡಿ ತೂಗುವ ಕ್ಯಾಟ್ ಸ್ಕೇಲಿನಲ್ಲಿ ಒಂದು ತೂಕಕ್ಕೆ ಹದಿನೈದು ಡಾಲರಿನಷ್ಟು, ಮರುತೂಕಕ್ಕೆ ಇನ್ನೂ ಕಡಿಮೆ. ಎಲ್ಲರೂ ಟ್ರೇಲರಿನ ಎರಡೂ ಆಕ್ಸಲನ್ನು ಒಂದೇ ಹಲಗೆ ಮೇಲೆ ನಿಲ್ಲಿಸಿ ಒಟ್ಟು ತೂಕ ನೋಡಿ ಬರುತ್ತಾರೆ. ನಾನು ರಾತ್ರಿ ಹೋದೆ, ಟ್ರಕ್ಕಿನವರ ಸಾಲು ಇಲ್ಲದ ಹೊತ್ತಿನಲ್ಲಿ. ಹಲಗೆಗಳ ನಡುವಿನ ಗೆರೆ ಎರಡು ಆಕ್ಸಲ್‌ಗಳ ಮಧ್ಯೆ ಬರುವಂತೆ ನಿಲ್ಲಿಸಿ ಬೇರೆ ಬೇರೆ ತೂಗಿದೆ. ಮುಂದಿನ ಆಕ್ಸಲ್ 4,200 ಚಿಲ್ಲರೆ, ಹಿಂದಿನದು 5,300! ಆಕ್ಸಲ್ ಮಿತಿ ದಾಟಿತ್ತು. ಟೈರ್ 225/75 ಹದಿನೈದಿಂಚಿನ ಲೋಡ್ ರೇಂಜ್ ಡಿ, 65 ಪಿಎಸ್‌ಐನಲ್ಲಿ ಒಂದಕ್ಕೆ 2,540 ಪೌಂಡ್ ಮಿತಿ. ಜೋಡಿಗೆ 5,080. ಅದೂ ದಾಟಿತ್ತು. ಒಟ್ಟು ತೂಕದ ಚೀಟಿ ಮಾತ್ರ ಎಲ್ಲ ಸರಿ ಇದೆ ಎನ್ನುತ್ತಿತ್ತು. ಊರಲ್ಲಿ ಎತ್ತಿನ ಗಾಡಿಗೆ ಕಾಯಿ ತುಂಬುವಾಗ ಹಿಂಭಾರವಾದರೆ ನೊಗ ಎತ್ತಿನ ಕತ್ತು ಬಿಟ್ಟು ಮೇಲೇಳುತ್ತಿತ್ತಲ್ಲ, ಇಲ್ಲೂ ಅದೇ ಲೆಕ್ಕ, ಆದರೆ ಇಲ್ಲಿ ದೂರು ಹೇಳುವುದು ಹಿಂದಿನ ಟೈರ್. ಇನ್‌ಫ್ರಾರೆಡ್ ಗನ್ ಹಿಡಿದು ನೋಡಿದರೆ ಹಿಂದಿನ ಜೋಡಿ ಮುಂದಿನದಕ್ಕಿಂತ 20-25 ಡಿಗ್ರಿ ಫ್ಯಾರನ್‌ಹೀಟ್ ಬಿಸಿ.

ಮೂತಿ ಎದ್ದಷ್ಟೂ ಭಾರ ಹಿಂದಿನ ಆಕ್ಸಲಿಗೆ ಜಾರುತ್ತಿತ್ತು, ಟ್ರೇಲರಿನ ಹಿಂಭಾಗವನ್ನೇ ಎತ್ತಬೇಕಿತ್ತು. ಹಾಗಾಗಿ ಆಕ್ಸಲ್ ಫ್ಲಿಪ್. ನನ್ನ ಟ್ರೇಲರಿನಲ್ಲಿ ಸ್ಪ್ರಿಂಗ್ ಪಟ್ಟಿ ಆಕ್ಸಲಿನ ಕೆಳಗಿತ್ತು, ಅದನ್ನು ಮೇಲಕ್ಕೆ ತರಬೇಕು. ಆಕ್ಸಲನ್ನೇ ತಿರುಗಿಸಿ ಹಾಕಲು ಹೊರಟವರೂ ಇದ್ದಾರೆ, ದಯವಿಟ್ಟು ಬೇಡ. ಆಕ್ಸಲ್ ಕೊಳವೆಗೆ ಮೇಲ್ಮುಖವಾಗಿ ಸಣ್ಣ ಬಾಗು ಇರುತ್ತದೆ. ತಿರುಗಿಸಿದರೆ ಚಕ್ರಗಳು ವಾಲಿ ಟೈರಿನ ಒಂದು ಅಂಚು ಸವೆಯುತ್ತದೆ. ಆಕ್ಸಲ್ ಇದ್ದ ಹಾಗೇ ಇರಲಿ, ಮೇಲ್ಗಡೆ ಹೊಸ ಪರ್ಚ್ (ಸ್ಪ್ರಿಂಗ್ ಕೂರುವ ಪೀಠ) ವೆಲ್ಡ್ ಮಾಡಿಸಿ. ಫ್ರೇಮ್ ಶಾಪಿನವರು 1,800 ಕೇಳಿದರು. ಮನೆಗೇ ಬಂದು ಮಾಡಿಕೊಡುವ ವೆಲ್ಡರ್ 700ಕ್ಕೆ ಒಪ್ಪಿದ. ಪರ್ಚ್, ಯು-ಬೋಲ್ಟ್ ಎಲ್ಲ ಸೇರಿ ಇನ್ನೊಂದು ಇನ್ನೂರು. ಬ್ರೇಕ್ ವೈರ್ ಗಿಡ್ಡವಾಯಿತು, ಉದ್ದ ಮಾಡಿಕೊಂಡೆ. ಎರಡು ಬದಿಯ ಪರ್ಚ್‌ಗಳೂ ಒಂದೇ ಕೋನದಲ್ಲಿ ಕೂರುವ ಹಾಗೆ ಗುರುತು ಹಾಕಲು ರಸಮಟ್ಟದ ಜೊತೆ ಒಂದು ಉಪಾಯ ಮಾಡಿದ್ದೆ. ವೆಲ್ಡರೇ ಫೋಟೋ ತೆಗೆದುಕೊಂಡು ಹೋದ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ಕಾಫಿ ಜೊತೆ ಹೇಳುತ್ತೇನೆ.

ಆಕ್ಸಲ್ ಬಳಿ ಐದೂವರೆ ಇಂಚು ಸಿಕ್ಕಿತು. ಹಿಚ್, ಪಿನ್ ಬಾಕ್ಸ್ ಎರಡನ್ನೂ ಹಳೆಯ ತೂತಿಗೇ ತಂದೆ. ಸಂದು ಆರೂವರೆ ಇಂಚು. ಏರ್‌ಬ್ಯಾಗಿಗೆ ಈಗ 20 ಪಿಎಸ್‌ಐ ಸಾಕು. ಮೂತಿಯನ್ನು ಬೇಕೆಂದೇ ಅರ್ಧ ಇಂಚು ಮೇಲೆ ಬಿಟ್ಟಿದ್ದೇನೆ. ಯಾಕೆ ಅಂತ ಕೇಳಬೇಡಿ, ತೂಗಿ ನೋಡಿ. ಮರುತೂಕದಲ್ಲಿ ಮುಂದಿನ ಆಕ್ಸಲ್ 4,700, ಹಿಂದಿನದು 4,800 ಹತ್ತಿರ.

ಮಗುಚುವ ಮಾತಿಗೆ ಬರೋಣ. ಚಾವಣಿಯ ಏಸಿ ತುದಿ ಈಗ 12 ಅಡಿ 9 ಇಂಚು ಇರಬಹುದು. ಟೆಕ್ಸಾಸ್, ನ್ಯೂ ಮೆಕ್ಸಿಕೋ ಎರಡರಲ್ಲೂ ಮಿತಿ 14 ಅಡಿ, ಪೂರ್ವದ ಹಲವು ರಾಜ್ಯಗಳಲ್ಲಿ 13 ಅಡಿ 6 ಇಂಚು. ಐ-10 ಹೆದ್ದಾರಿಯಲ್ಲಿ ಅಡ್ಡಗಾಳಿಗೆ ಮೊದಲಿಗಿಂತ ಒಂಚೂರು ಹೆಚ್ಚು ತೂಗಾಡುತ್ತದೆ, ಸುಳ್ಳು ಹೇಳಲ್ಲ. ಶಾಕ್ ಅಬ್ಸಾರ್ಬರ್ ಹಾಕಿಸಿದ ಮೇಲೆ ಅದೂ ತಗ್ಗಿತು. ನ್ಯೂ ಮೆಕ್ಸಿಕೋದ ಅಲಮೊಗೊರ್ಡೊದಿಂದ ಕ್ಲೌಡ್‌ಕ್ರಾಫ್ಟಿಗೆ ಯು.ಎಸ್. 82 ಹೆದ್ದಾರಿ ಇಪ್ಪತ್ತು ಮೈಲಿಯೊಳಗೆ ನಾಲ್ಕು ಸಾವಿರ ಅಡಿಗೂ ಹೆಚ್ಚು ಏರುತ್ತದೆ. ವಾಪಸ್ ಇಳಿಯುವಾಗ ನಾಲ್ಕೂ ಚಕ್ರದ ಬ್ರೇಕ್ ಒಂದೇ ಸಮ ಹಿಡಿದವು. ಮೊದಲು ಮುಂದಿನ ಜೋಡಿ ಹಗುರಾಗಿ ಸುಮ್ಮನೆ ಉಜ್ಜಿಕೊಂಡು ಹೋಗುತ್ತಿತ್ತು. ಮೈಲೇಜ್ ಮಾತ್ರ ಗ್ಯಾಲನ್ನಿಗೆ ಹಿಂದೆಯೂ ಹತ್ತು ಮೈಲಿ, ಈಗಲೂ ಹತ್ತು.

ತೂಕದ ಹುಚ್ಚು ಹತ್ತಿದ ಮೇಲೆ ನೀರಿನ ಟ್ಯಾಂಕನ್ನೂ ಪರೀಕ್ಷಿಸಿದೆ. ಗ್ಯಾಲನ್ನಿಗೆ 8.3 ಪೌಂಡ್, 50 ಗ್ಯಾಲನ್ ತುಂಬಿದರೆ 415 ಪೌಂಡ್. ನನ್ನ ಟ್ಯಾಂಕ್ ಆಕ್ಸಲಿನ ಹಿಂದಿದೆ, ತುಂಬಿದಾಗ ಪಿನ್ ಭಾರ ನೂರು ಪೌಂಡಿನಷ್ಟು ಇಳಿಯಿತು. ಹೆಂಡತಿಯ ವೆಟ್ ಗ್ರೈಂಡರ್, ಸೋನಾ ಮಸೂರಿ ಚೀಲಗಳು, ನನ್ನ ಟೂಲ್ ಬಾಕ್ಸ್ ಎಲ್ಲ ಮುಂದಿನ ಕಪಾಟಿಗೆ ಹೋದವು. ಪಿನ್ ಭಾರ ಈಗ 2,300 ದಾಟಿದೆ, ಒಟ್ಟು ತೂಕದ ಐದನೇ ಒಂದು ಭಾಗ, ನನಗೆ ಬೇಕಾದ್ದೂ ಅಷ್ಟೇ. "ದೋಸೆ ಹಿಟ್ಟು ರುಬ್ಬಕ್ಕೆ ಬೆಡ್‌ರೂಮಿಗೆ ಹೋಗ್ಬೇಕಾ ನಾನು?" ಎಂಬ ತಕರಾರು ಇನ್ನೂ ಬಗೆಹರಿದಿಲ್ಲ.

ಲೆಕ್ಕಕ್ಕೆ ಸಿಗದ ಖರ್ಚು ಮೆಟ್ಟಿಲಿನದು. ಊರಿನಿಂದ ಬಂದ ಅಮ್ಮ ಮೊದಲ ಮೆಟ್ಟಿಲು ನೋಡಿಯೇ "ಇದೇನು ಅಟ್ಟ ಹತ್ತೋದಾ?" ಎಂದರು. 90 ಡಾಲರಿನ ಇನ್ನೊಂದು ಮೆಟ್ಟಿಲು ಬಂತು. ಟ್ರೇಲರನ್ನು ಬಿಚ್ಚಿ ನಿಲ್ಲಿಸುವ ಮುಂದಿನ ಕಾಲುಗಳಿಗೆ ದಪ್ಪ ಮರದ ತುಂಡುಗಳೂ ಬೇಕಾದವು.

ಫ್ಲಿಪ್ ಮಾಡಿಸುವವರು ಯು-ಬೋಲ್ಟ್ ನಟ್‌ಗಳನ್ನು ಮೊದಲ ಐವತ್ತು ಮೈಲಿಗೇ ನಿಲ್ಲಿಸಿ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿ, ಐನೂರಕ್ಕೆ ಮತ್ತೊಮ್ಮೆ. ನನ್ನದರಲ್ಲಿ ಎರಡನೇ ಸಲವೂ ಕಾಲು ಸುತ್ತು ಸಿಕ್ಕಿತು.